ಅಮೆರಿಕದಲ್ಲಿ ಹಳೇ ಕಾರು ಕೊಳ್ಳುತ್ತೀರಾ? ಮೊದಲು ನಂಬರ್ ತಗಡು ನೋಡಿ

ಇಲ್ಲಿ ನೆಲೆ ನಿಂತ ಮೇಲೆ ನಮ್ಮವರಲ್ಲಿ ಕೆಲವರಿಗೆ 60ರ ದಶಕದ ಮಸ್ಟಾಂಗ್, ಕಮಾರೊ ಮೇಲೆ ಮನಸ್ಸಾಗುತ್ತದೆ. ಒಳ್ಳೇ ಹವ್ಯಾಸ, ಖಂಡಿತ ಮಾಡಿ. ಆದರೆ ಬಣ್ಣ, ಕ್ರೋಮ್, ಇಂಜಿನ್ ಸದ್ದಿಗೆ ಮರುಳಾಗುವ ಮುಂಚೆ ಕಾರಿನ ವಿನ್ ನಂಬರ್, ಅಂದರೆ ವಾಹನದ ಗುರುತಿನ ಸಂಖ್ಯೆ, ನೋಡಿ. ಊರಲ್ಲಿ ಆರ್‌ಟಿಒಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದುಕೊಡುತ್ತಾರಲ್ವಾ, ಇಲ್ಲಿ ಆ ಜಾಗದಲ್ಲಿರುವುದು ಈ ವಿನ್.

ಎಲ್ಲಾ ಕಾರಿಗೂ ಒಂದೇ ಥರದ 17 ಅಕ್ಷರದ ವಿನ್ ಬಂದಿದ್ದು 1981ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಹಾಗಾಗಿ 17 ಅಕ್ಷರ ಕೇಳುವ ಹಿಸ್ಟರಿ ರಿಪೋರ್ಟ್‌ಗಳು ಈ ಕಾರುಗಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಕಾರಿನಲ್ಲಿ ಎರಡು ತಗಡು ಇರುತ್ತವೆ, ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ವಿನ್ ತಗಡಿನಲ್ಲಿರುವುದು ಕಾನೂನಿನ ಪ್ರಕಾರ ಕಾರಿನ ಗುರುತು. ಟ್ರಿಮ್ ಟ್ಯಾಗ್ ಹೇಳುವುದು ಫ್ಯಾಕ್ಟರಿಯಲ್ಲಿ ಯಾವ ಬಣ್ಣ, ಯಾವ ಸೀಟು ಹಾಕಿದರು ಅನ್ನುವುದನ್ನು. ಜನ ಮೋಸ ಹೋಗುವುದು ಜಾಸ್ತಿ ಈ ಎರಡನೆಯದರಲ್ಲೇ. 1969ರ ಕಮಾರೊ ವಿನ್ 12437 ಅಂತ ಶುರುವಾದರೆ ಅದು ವಿ8 ಇಂಜಿನ್‌ನ ಎರಡು ಬಾಗಿಲಿನ ಕೂಪೆ ಅಂತ ಗೊತ್ತಾಗುತ್ತದೆ, ಆದರೆ ಝಡ್28 (ಕಮಾರೊದಲ್ಲೇ ಹೆಚ್ಚು ಬೆಲೆಯ ಜೋರು ಮಾದರಿ) ಹೌದೋ ಅಲ್ಲವೋ ಅಂತ ಅದು ಹೇಳುವುದೇ ಇಲ್ಲ. ನಾರ್‌ವುಡ್ ಫ್ಯಾಕ್ಟರಿಯ ಆ ವರ್ಷದ ಕಾರುಗಳಲ್ಲಿ ಟ್ರಿಮ್ ಟ್ಯಾಗ್ ಮೇಲೆ ಎಕ್ಸ್33 ಅಥವಾ ಎಕ್ಸ್77 ಇದ್ದರೆ ಝಡ್28, ಆದರೆ ಹೊಸದಾಗಿ ಅಚ್ಚು ಹಾಕಿದ ಟ್ಯಾಗ್‌ಗಳೂ ಮಾರಾಟಕ್ಕೆ ಸಿಗುತ್ತವೆ, ಆದ್ದರಿಂದ ಬರೀ ಟ್ಯಾಗ್ ನಂಬಿ ಝಡ್28 ಬೆಲೆ ಕೊಡಬೇಡಿ. ಕೌಲ್ (ಮುಂದಿನ ಗಾಜಿನ ಕೆಳಗಿನ ಭಾಗ) ಮೇಲೆ, ಇಂಜಿನ್ ಬ್ಲಾಕ್ ಮೇಲೆ ವಿನ್‌ನ ಕೊನೆಯ ಅಂಕಿಗಳ ಅಚ್ಚು ಇರುತ್ತದೆ. ತಿಳಿದವರನ್ನು ಕರೆದುಕೊಂಡು ಹೋಗಿ, ಅವು ತಗಡಿಗೆ ಹೊಂದುತ್ತವಾ ನೋಡಿ. ಕ್ರೈಸ್ಲರ್ ಕಾರುಗಳಲ್ಲಿ ಈ ಕಷ್ಟ ಕಡಿಮೆ, ಯಾವ ಇಂಜಿನ್ ಅಂತ ವಿನ್ ಹೇಳುತ್ತದೆ: 60ರ ದಶಕದ ಕೊನೆಯ 426 ಹೆಮಿ ಇಂಜಿನ್ ಕಾರುಗಳ ವಿನ್‌ನಲ್ಲಿ ಐದನೇ ಅಕ್ಷರವೇ ಜೆ. 1967ರಿಂದ ಈಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್, ಪಾಂಟಿಯಾಕ್‌ಗೆ ಪಿಎಚ್‌ಎಸ್ ದಾಖಲೆ ತರಿಸಬಹುದು, ಕಾರು ಫ್ಯಾಕ್ಟರಿಯಿಂದ ಹೇಗೆ ಬಂತು ಅಂತ ಇವುಗಳಿಂದ ತಿಳಿಯುತ್ತದೆ. ತರಿಸಿ, ದುಡ್ಡು ಉಳಿಸಲು ಹೋಗಬೇಡಿ.

ಇನ್ನು ಕಾನೂನು. ವಿನ್ ನಂಬರ್ ಬೇಕಂತಲೇ ತೆಗೆಯುವುದು, ಅಳಿಸುವುದು, ತಿದ್ದುವುದು ಫೆಡರಲ್ ಅಪರಾಧ, 5 ವರ್ಷದವರೆಗೆ ಜೈಲು ಆಗಬಹುದು. ರಿಪೇರಿಗೆ ತೆಗೆಯಲೇಬೇಕಾದರೆ, ಅಥವಾ ರಾಜ್ಯದ ಕಾನೂನಿನಂತೆ ಮತ್ತೆ ಹಾಕಿದರೆ ವಿನಾಯಿತಿ ಇದೆ. ಆದರೆ ಆ ರಾಜ್ಯದ ಕಾನೂನು ಒಂದೊಂದು ಕಡೆ ಒಂದೊಂದು ಥರ, ತೊಂದರೆ ಬರುವುದೇ ಅಲ್ಲಿ. ಇಂಡಿಯಾನಾದಿಂದ ಕೊಂಡ 1959ರ ಕಾರ್ವೆಟ್ ಒಂದನ್ನು ಕಾನ್ಸಾಸ್ ಪೊಲೀಸರು 2017ರಲ್ಲಿ ವಶಪಡಿಸಿಕೊಂಡರು. ಹಿಂದೆ ಯಾರೋ ಕಾರನ್ನು ಹೊಸದಾಗಿಸುವಾಗ ವಿನ್ ತಗಡು ತೆಗೆದು ಮತ್ತೆ ಹಾಕಿದ್ದರು, ಅಷ್ಟೇ. ಕೊಂಡವರ ತಪ್ಪೇನೂ ಇರಲಿಲ್ಲ. ಆದರೂ 2022ರಲ್ಲಿ ಕಾನೂನು ತಿದ್ದುಪಡಿಯಾಗಿ, 2023ರಲ್ಲಿ ಕಾರು ವಾಪಸ್ ಸಿಗುವವರೆಗೆ ಅವರು ಕಾಯಬೇಕಾಯಿತು. ಇದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತದೆ.

ಆದ್ದರಿಂದ ನಿಮ್ಮ ಕಾರಿಗೆ ಬಣ್ಣ ಹೊಡೆಸುವಾಗ ವಿನ್ ತಗಡು ಬಿಚ್ಚಬೇಡಿ ಅಂತ ಗ್ಯಾರೇಜಿನವರಿಗೆ ಬರೆದು ಕೊಡಿ. ಬಿಚ್ಚಲೇಬೇಕಾದರೆ ಮೊದಲು ನಿಮ್ಮ ರಾಜ್ಯದ ಮೋಟಾರು ಇಲಾಖೆಯನ್ನು ಕೇಳಿ, ಅವರ ಉತ್ತರ ಕಾಗದದಲ್ಲಿ ಪಡೆಯಿರಿ, ಬಿಚ್ಚುವ ಮುಂಚೆ ತಗಡು, ರಿವೆಟ್ ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಬೇರೆ ರಾಜ್ಯದ ಕಾರಾದರೆ ಟೈಟಲ್ (ಮಾಲೀಕತ್ವದ ಪತ್ರ) ಮೇಲಿನ ನಂಬರನ್ನು ತಗಡಿನ ನಂಬರಿಗೆ ಒಂದೊಂದೇ ಅಕ್ಷರ ಹೋಲಿಸಿ, ಒಂದು ಅಂಕಿ ತಪ್ಪಿದ್ದರೂ ಮಾರುವವರೇ ಟೈಟಲ್ ಸರಿ ಮಾಡಿಸಿಕೊಡುವವರೆಗೆ ದುಡ್ಡು ಕೊಡಬೇಡಿ.