ಕಾರಿಗೆ ಕಾರ್ಡು ಉಜ್ಜುವ ಮುಂಚೆ

ಹೋದ ವರ್ಷ ಆಯುಧಪೂಜೆಗೆ ಎರಡು ದಿನ ಮುಂಚೆ ಬಾಮೈದನ ಜೊತೆ ಮಂಡ್ಯದಿಂದ ಮೈಸೂರಿನ ಶೋರೂಮೊಂದಕ್ಕೆ ಹೋಗಿದ್ದೆ. ಡೌನ್ ಪೇಮೆಂಟಿನ 2 ಲಕ್ಷವನ್ನು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟುತ್ತೇನೆ ಅಂತ ಅವನ ಹಟ. ‘ಪಾಯಿಂಟ್ ಬರುತ್ತೆ ಭಾವ, ಸುಮ್ನಿರಿ’ ಅಂದ. ನಾನು ಅಲ್ಲಿ ನಿಲ್ಲಿಸಿದ್ದ ಕಾರಿನ ಡಿಕ್ಕಿ ತೆಗೆದು ನೋಡಿ ಬರುವಷ್ಟರಲ್ಲಿ ಉಜ್ಜಿಯೂ ಆಗಿತ್ತು. ಸ್ಲಿಪ್ಪಿನಲ್ಲಿ 2,04,720 ರೂಪಾಯಿ. ಶೇ 2ರ ಸರ್ಚಾರ್ಜ್ (ಕಾರ್ಡಿನಲ್ಲಿ ಕಟ್ಟಿದ್ದಕ್ಕೆ ಮೇಲೆ ಹಾಕುವ ಶುಲ್ಕ) 4,000, ಅದರ ಮೇಲೆ ಶೇ 18 ಜಿಎಸ್‌ಟಿ 720. ಅವನ ಕಾರ್ಡಿಗೆ 150 ರೂಪಾಯಿಗೆ ಒಂದು ಪಾಯಿಂಟು, ಪಾಯಿಂಟಿಗೆ 25 ಪೈಸೆ. ಗಳಿಸಿದ್ದು 341 ರೂಪಾಯಿ!

ಇಂಥದ್ದನ್ನು ಮೂರ್ನಾಲ್ಕು ಸಲ ಕಣ್ಣಾರೆ ನೋಡಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ದುಡ್ಡನ್ನು ಮನೆಯಲ್ಲೇ ಭಾಗ ಮಾಡಿ

ಬುಕಿಂಗ್ ಹಣ ಕ್ರೆಡಿಟ್ ಕಾರ್ಡಿಗೆ ಇರಲಿ. ಅದು ಸಣ್ಣ ಮೊತ್ತ, ಎಷ್ಟೋ ಕಡೆ ಅದಕ್ಕೆ ಮೇಲೆ ಏನೂ ಹಾಕುವುದಿಲ್ಲ. ಇನ್ಶೂರೆನ್ಸನ್ನೂ ಕಾರ್ಡಿನಲ್ಲೇ ಕಟ್ಟಬಹುದು, ಆದರೆ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಕೂತು ಕಟ್ಟಿ. ಶೋರೂಮಿನವರ ಹತ್ತಿರವೇ ಮಾಡಿಸಬೇಕು ಅನ್ನುವ ಕಟ್ಟುಪಾಡೇನೂ ಇಲ್ಲ. ಉಳಿದ ದೊಡ್ಡ ಗಂಟು ಆರ್‌ಟಿಜಿಎಸ್‌ನಲ್ಲಿ, ಅಂದರೆ ಖಾತೆಯಿಂದ ಖಾತೆಗೆ ನೇರವಾಗಿ ಹೋಗಲಿ. 2 ಲಕ್ಷದಿಂದ ಮೇಲಕ್ಕೆ ಅದು, ಅದಕ್ಕಿಂತ ಕಮ್ಮಿಗೆ ನೆಫ್ಟ್. 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುತ್ತದೆ, ಭಾನುವಾರ, ಹಬ್ಬ ಅಂತಿಲ್ಲ. ಹಾಗಾಗಿ ‘ಬ್ಯಾಂಕ್ ರಜಾ ಸರ್, ಕಾರ್ಡ್ ಕೊಟ್ಬಿಡಿ’ ಅನ್ನುವ ಮಾತಿಗೆ ಬೀಳಬೇಡಿ. ಕಬ್ಬಿನ ದುಡ್ಡನ್ನು ಚೀಲದಲ್ಲಿ ತರುವವರಿಗೂ ಒಂದು ಮಾತು: 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದನ್ನು ಶೋರೂಮಿನವರು ಮುಟ್ಟುವ ಹಾಗಿಲ್ಲ.

ಸಾಲವಿನ್ನೂ ಮಂಜೂರಾಗಿಲ್ಲವೇ? ಹಾಗಾದರೆ ಕಾರ್ಡಿನ ಲಿಮಿಟ್ಟನ್ನೆಲ್ಲ ಬಳಿಯಬೇಡಿ, ಸಾಲ ಕೊಡುವ ಮುಂಚೆ ಬ್ಯಾಂಕು ನೋಡುವ ಸಿಬಿಲ್ ಸ್ಕೋರ್ ಇಳಿಯಬಹುದು.

ಹೆಜ್ಜೆ 2: ಲಿಮಿಟ್

ಡೆಬಿಟ್ ಕಾರ್ಡ್ ಬಳಸುವುದಾದರೆ ಹಿಂದಿನ ರಾತ್ರಿಯೇ ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ಮಿತಿ ಏರಿಸಿಕೊಳ್ಳಿ. ಅಷ್ಟೇ.

ಹೆಜ್ಜೆ 3: ಕೌಂಟರ್

ಜನ ಎಡವುವುದು ಇಲ್ಲೇ. ಕಾರ್ಡು ಕೈಬಿಡುವ ಮುಂಚೆ ಕೇಳಿ: ‘ಮೇಲೆ ಎಷ್ಟು ಹಾಕ್ತೀರಿ? ಜಿಎಸ್‌ಟಿ ಸೇರಿಸಿ ರೂಪಾಯಿ ಲೆಕ್ಕದಲ್ಲಿ ಹೇಳಿ.’ ‘ಬರೀ ಟೂ ಪರ್ಸೆಂಟ್ ಸರ್’ ಅಂದರೆ ಒಪ್ಪಬೇಡಿ, ಕ್ಯಾಲ್ಕುಲೇಟರ್ ತೆಗೆಸಿ.

ಡೆಬಿಟ್ ಕಾರ್ಡಿಗೂ ಮೇಲೆ ಕೇಳಿದರೆ ಕೊಡಬೇಡಿ. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ಅಂಗಡಿಯವರಿಗೇ ಶುಲ್ಕವಿಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ ಶುಲ್ಕ ಇದ್ದರೂ ಅದನ್ನು ಗಿರಾಕಿಯ ತಲೆಗೆ ಕಟ್ಟಬಾರದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಜಗಳ ಬೇಡ, ನಗುನಗುತ್ತಲೇ ಹೇಳಿ.

ಮಷಿನ್ ಮೇಲಿನ ಮೊತ್ತವನ್ನು ಸೊನ್ನೆ ಎಣಿಸಿ ಓದಿ, ಆಮೇಲೆ ಪಿನ್ ಒತ್ತಿ. ಹಬ್ಬದ ಗಲಾಟೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಬಿಳಿ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ‘ಆಗಿಲ್ಲ ಸರ್, ಇನ್ನೊಂದ್ಸಲ ಕೊಡಿ’ ಅಂತಾರೆ. ಕೊಡಬೇಡಿ. ಮೊದಲು ಮೆಸೇಜ್ ನೋಡಿ, ಖಾತೆ ನೋಡಿ. ಕಡಿತವಾದ ದುಡ್ಡು ಅವರಿಗೆ ತಲುಪದಿದ್ದರೆ ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ನಿಮಗೆ ಅರ್ಜೆಂಟ್ ಇದ್ದರೆ ಬೇರೆ ದಾರಿಯಲ್ಲಿ ಕಟ್ಟಿ, ಅದೇ ಕಾರ್ಡನ್ನು ಮತ್ತೆ ಉಜ್ಜಬೇಡಿ.

ಸ್ಲಿಪ್ಪಿನ ಮೇಲೆ ಡೀಲರ್ ಕಂಪನಿಯ ಹೆಸರೇ ಇರಬೇಕು. ಸೇಲ್ಸ್ ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಅವನ ಸ್ವಂತ ನಂಬರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹೆಜ್ಜೆ 4: ಬಿಲ್ ಬಂದಾಗ

ಕ್ರೆಡಿಟ್ ಕಾರ್ಡ್ ಬಿಲ್ ಪೂರ್ತಿ ಕಟ್ಟಿ. ‘ಮಿನಿಮಮ್’ ಅಂತ ತೋರಿಸುವ ಆ ಸಣ್ಣ ಮೊತ್ತವಿದೆಯಲ್ಲ, ಅದನ್ನು ಕಟ್ಟಿ ಕೂತರೆ ಕೊನೆ ದಿನಾಂಕದಿಂದ ಅಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಬೀಳುತ್ತದೆ. ತಿಂಗಳಿಗೆ ಶೇ 3.5 ಅಂತಿಟ್ಟುಕೊಳ್ಳಿ. 2 ಲಕ್ಷಕ್ಕೆ 7,000, ಜಿಎಸ್‌ಟಿ ಸೇರಿದರೆ 8,260. ‘ಇಎಂಐ ಮಾಡ್ಕೊಡ್ಲಾ?’ ಅಂತ ಬ್ಯಾಂಕಿನಿಂದ ಫೋನೂ ಬರುತ್ತದೆ. ನನ್ನ ಪ್ರಕಾರ ಕಾರಿಗೆ ಅದು ಬೇಡವೇ ಬೇಡ. ಪ್ರೊಸೆಸಿಂಗ್ ಫೀ ಬೇರೆ, ಬಡ್ಡಿಯ ಮೇಲೂ ಜಿಎಸ್‌ಟಿ. ಕಾರ್ ಲೋನಿನ ಬಡ್ಡಿಗೆ ಜಿಎಸ್‌ಟಿ ಇಲ್ಲ.

ಹೆಜ್ಜೆ 5: ಕಾಗದ

ಕೊಟ್ಟ ಪ್ರತಿ ಕಂತಿಗೂ ರಸೀದಿ ತಗೊಳ್ಳಿ, ಎಲ್ಲ ಕೂಡಿಸಿ ಇನ್‌ವಾಯ್ಸ್ ಜೊತೆ ತಾಳೆ ನೋಡಿ. ಸರ್ಚಾರ್ಜ್ ಕಟ್ಟಿದ್ದರೆ ಅದಕ್ಕೂ ರಸೀದಿ ಕೇಳಿ. ಬುಕಿಂಗ್ ರದ್ದಾದರೆ ಕೇಳುವುದಕ್ಕೆ ಬೇಕು. ಕಾರಿನ ಬೆಲೆ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿದಿರುತ್ತಾರೆ. ಐಟಿ ರಿಟರ್ನ್ ಹಾಕುವಾಗ ಅದನ್ನು ತೆರಿಗೆಗೆ ವಜಾ ಮಾಡಿಸಿಕೊಳ್ಳಬಹುದು. ಆ ಟಿಸಿಎಸ್ ಚೀಟಿಯನ್ನು ಬಾಮೈದ ಕಾರಿನ ಡ್ಯಾಶ್‌ಬೋರ್ಡಿನೊಳಗೆ ತುರುಕಿದ್ದ. ಚಾಮುಂಡಿ ಬೆಟ್ಟದಿಂದ ಪೂಜೆ ಮುಗಿಸಿ ಇಳಿಯುವಾಗ ನಾನೇ ತೆಗೆದು ಜೇಬಿಗಿಟ್ಟುಕೊಂಡೆ.