‘ಪರ್ಮಿಷನ್ ಡಿನೈಡ್’ ಬಂತಾ? ಮೊಬೈಲ್ ಟರ್ಮಿನಲ್‌ನಲ್ಲಿ ನೆಟ್ ಪರೀಕ್ಷೆ ಹೀಗೆ ಮಾಡಿ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಅಮ್ಮನ ಮನೆಗೆ ಹೋಗಿದ್ದೆ. ಲ್ಯಾಪ್‌ಟಾಪ್ ಒಯ್ದಿರಲಿಲ್ಲ. ಎರಡನೇ ದಿನ ನೆಟ್ ಕೈಕೊಟ್ಟಿತು. ವೈಫೈ ಗುರುತು ಪೂರ್ತಿ ಇದೆ, ಆದರೆ ಒಂದು ಪುಟವೂ ತೆರೆಯುತ್ತಿಲ್ಲ. ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಫೋನಿನಲ್ಲಿ ಟರ್ಮಕ್ಸ್ ಇತ್ತು. ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಆ್ಯಪ್ ಅದು. ತೆರೆದು, ಲ್ಯಾಪ್‌ಟಾಪಿನಲ್ಲಿ ದಿನಾ ಮಾಡುವ ಹಾಗೆ, ನೆಟ್ ವಿಳಾಸ ತೋರಿಸುವ ‘ಐಪಿ ಆಡ್ರ್’ ಎಂದು ಟೈಪ್ ಮಾಡಿದೆ. ‘ಕೆನಾಟ್ ಬೈಂಡ್ ನೆಟ್‌ಲಿಂಕ್ ಸಾಕೆಟ್: ಪರ್ಮಿಷನ್ ಡಿನೈಡ್’ ಎಂಬ ಸಾಲು ಬಂತು. ನಡೆಯುತ್ತಿರುವ ಸಂಪರ್ಕಗಳನ್ನು ತೋರಿಸುವ ‘ನೆಟ್‌ಸ್ಟ್ಯಾಟ್’ ಕೊಟ್ಟೆ, ಅದೂ ಇಲ್ಲ.

ಇಲ್ಲಿಗೆ ಬಂದಾಗ ತುಂಬಾ ಜನ ಆ್ಯಪ್ ಕೆಟ್ಟಿದೆ ಅಂದುಕೊಂಡು ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಏನೂ ಕೆಟ್ಟಿರುವುದಿಲ್ಲ. ಫೋನು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ, ಅಷ್ಟೇ. ಅದೇ ವಿಷಯವನ್ನು ಬೇರೆ ರೀತಿ ಕೇಳಿದರೆ ಹೇಳುತ್ತದೆ.

ಯಾಕೆ ಹೀಗೆ? ಒಂದು ವಠಾರ ನೆನಪಿಸಿಕೊಳ್ಳಿ. ಪ್ರತಿ ಮನೆಗೂ ನಲ್ಲಿಯಲ್ಲಿ ನೀರು ಬರುತ್ತದೆ. ಆದರೆ ಪಂಪ್ ಕೋಣೆಯ ಬೀಗದ ಕೈ ಮಾಲೀಕರ ಹತ್ತಿರ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್ ಒಬ್ಬ ಬಾಡಿಗೆದಾರ. ಟರ್ಮಕ್ಸ್ ಕೂಡ ಅಷ್ಟೇ. ಅದರಲ್ಲಿ ‘ಐಡಿ’ ಎಂದು ಟೈಪ್ ಮಾಡಿ ನೋಡಿ. ‘ಯು0’, ಅಡಿಗೆರೆ, ‘ಎ’, ಮುಂದೆ ಒಂದು ಸಂಖ್ಯೆ ಬರುತ್ತದೆ. ಅದು ಆ ಆ್ಯಪ್‌ನ ಮನೆ ನಂಬರ್. ಅದೇ ಸಾಲಿನಲ್ಲಿ ‘3003’ ಮತ್ತು ‘ಐನೆಟ್’ ಕಾಣುತ್ತದೆ. ನೆಟ್ ಬಳಸಲು ಅನುಮತಿ ಇದೆ ಎಂದು ಅದರ ಅರ್ಥ. ನಲ್ಲಿ ಇದೆ, ಪಂಪ್ ಕೋಣೆ ಇಲ್ಲ.

ಮೊದಲು ಇಷ್ಟು ಬಿಗಿ ಇರಲಿಲ್ಲ. 2019ರ ಆಂಡ್ರಾಯ್ಡ್ 10ರಲ್ಲಿ ನೆಟ್‌ವರ್ಕ್ ವಿವರ ಸಿಗುವ ‘ಪ್ರಾಕ್ ನೆಟ್’ ಫೋಲ್ಡರ್‌ಗೆ ಬೀಗ ಬಿತ್ತು. ನೆಟ್‌ಸ್ಟ್ಯಾಟ್ ಓದುವುದು ಅಲ್ಲಿಂದಲೇ. ಮರುವರ್ಷದ ಆಂಡ್ರಾಯ್ಡ್ 11ರಿಂದ ಐಪಿ ಕಮಾಂಡ್‌ಗೂ ಕಡಿವಾಣ ಶುರುವಾಯಿತು. ಒಂದು ಆ್ಯಪ್ ಇನ್ನೊಂದು ಆ್ಯಪ್ ಯಾರ ಜೊತೆ ಮಾತಾಡುತ್ತಿದೆ ಎಂದು ಕದ್ದು ನೋಡಬಾರದು, ಮ್ಯಾಕ್ ವಿಳಾಸ, ಅಂದರೆ ಫೋನಿನ ನೆಟ್‌ವರ್ಕ್ ಗುರುತು ಸಂಖ್ಯೆ, ಹಿಡಿದು ನಿಮ್ಮ ಬೆನ್ನು ಹತ್ತಬಾರದು ಅನ್ನುವುದು ಉದ್ದೇಶ. ನನ್ನ ಕೆಲಸಕ್ಕೆ ತೊಂದರೆ ಆದರೂ ಈ ಬೀಗ ಸರಿ ಎಂದೇ ನನ್ನ ಅಭಿಪ್ರಾಯ. ಅಮ್ಮನ ಫೋನಿನಲ್ಲೂ ಇದೇ ಬೀಗ ಇದೆಯಲ್ವಾ.

ಈಗ ಕೆಲಸಕ್ಕೆ ಬರೋಣ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲ ಹೆಜ್ಜೆ: ತಯಾರಿ

ಟರ್ಮಕ್ಸ್ ಅನ್ನು ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಿಂದ ಹಾಕಿಕೊಳ್ಳಿ. ‘ಪಿಕೆಜಿ ಇನ್‌ಸ್ಟಾಲ್’ ಎಂದು ಬರೆದು, ಜಾಗ ಬಿಟ್ಟು ‘ನೆಟ್-ಟೂಲ್ಸ್’, ‘ಡಿಎನ್‌ಎಸ್‌ಯುಟಿಲ್ಸ್’, ‘ಎನ್‌ಮ್ಯಾಪ್’ ಹೆಸರುಗಳನ್ನು ಕೊಡಿ. ಇದನ್ನು ನೆಟ್ ಚೆನ್ನಾಗಿರುವಾಗಲೇ ಮಾಡಿಡಿ. ನೆಟ್ ಹೋದ ಮೇಲೆ ಡೌನ್‌ಲೋಡ್ ಮಾಡುವುದು ಹೇಗೆ?

ಪರೀಕ್ಷೆ ಶುರು ಮಾಡುವ ಮುಂಚೆ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತರೆ ಉಳಿದದ್ದೆಲ್ಲ ದಂಡ. ವೈಫೈನಲ್ಲಿ ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಫೋನು ಸುಮ್ನೆ ಸಿಮ್ ಕಡೆಗೆ ಹೊರಳುತ್ತದೆ. ನೀವು ವೈಫೈ ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡಿರುತ್ತೀರಿ, ಉತ್ತರ ಸಿಮ್‌ನಿಂದ ಬರುತ್ತಿರುತ್ತದೆ.

ಎರಡನೇ ಹೆಜ್ಜೆ: ನಿಮ್ಮ ವಿಳಾಸ, ರೂಟರ್‌ನ ವಿಳಾಸ

‘ಐಎಫ್‌ಕಾನ್ಫಿಗ್’ ಎಂದು ಟೈಪ್ ಮಾಡಿ. ಮೊದಲು ಒಂದು ಎಚ್ಚರಿಕೆ ಸಾಲು ಬರುತ್ತದೆ. ಹೆದರಬೇಡಿ, ಕೆಳಗೆ ನೋಡಿ. ‘ಡಬ್ಲ್ಯುಲ್ಯಾನ್0’ ಎಂಬ ಹೆಸರಿನ ಕೆಳಗೆ ‘ಐನೆಟ್’ ಪಕ್ಕ 192.168.1.7 ಥರದ ವಿಳಾಸ ಇರುತ್ತದೆ. ಅದು ನಿಮ್ಮ ಫೋನಿನದು. ರೂಟರ್‌ನ ವಿಳಾಸ ಮಾತ್ರ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಫೋನಿನ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ಜೋಡಿಸಿರುವ ವೈಫೈ ಹೆಸರನ್ನು ಒತ್ತಿ, ‘ಗೇಟ್‌ವೇ’ ಎಂದಿರುವ ಸಾಲು ನೋಡಿ. ಟರ್ಮಿನಲ್‌ನಲ್ಲಿ ಸಿಗದ್ದು ಸೆಟ್ಟಿಂಗ್ಸ್‌ನಲ್ಲಿ ಕಣ್ಣೆದುರೇ ಇರುತ್ತದೆ.

ಮೂರನೇ ಹೆಜ್ಜೆ: ಪಿಂಗ್

ಒಂದು ವಿಳಾಸ ಉತ್ತರ ಕೊಡುತ್ತದೆಯೇ ಎಂದು ಕೇಳಿ ನೋಡುವ ಪಿಂಗ್‌ಗೆ ಯಾವ ಅಡ್ಡಿಯೂ ಇಲ್ಲ. ‘ಪಿಂಗ್ -ಸಿ 4’ ಎಂದು ಬರೆದು ರೂಟರ್ ವಿಳಾಸ ಕೊಡಿ. ಉತ್ತರ ಬಂದರೆ ಮನೆಯೊಳಗಿನ ವೈಫೈ ಸರಿ ಇದೆ. ಆಮೇಲೆ ಅದೇ ರೀತಿ 8.8.8.8ಕ್ಕೆ ಕೊಡಿ. ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್, ಅಂದರೆ ಜಾಲತಾಣದ ಹೆಸರು ಹೇಳಿದರೆ ಅದರ ವಿಳಾಸ ಕೊಡುವ ಯಂತ್ರ. ಉತ್ತರ ಬಂದರೆ ಹೊರಗಿನ ದಾರಿಯೂ ಸರಿ. ಮೂರನೆಯದಾಗಿ ಒಂದು ಜಾಲತಾಣದ ಹೆಸರಿಗೇ ಪಿಂಗ್ ಮಾಡಿ.

ಅಮ್ಮನ ಮನೆಯಲ್ಲಿ ಮೊದಲ ಎರಡಕ್ಕೂ ಉತ್ತರ ಬಂತು. ಮೂರನೆಯದಕ್ಕೆ ‘ಅನ್‌ನೋನ್ ಹೋಸ್ಟ್’. ದಾರಿ ಇದೆ, ಹೆಸರು ಹೇಳಿದರೆ ವಿಳಾಸ ಸಿಗುತ್ತಿಲ್ಲ. ಅಂದರೆ ಡಿಎನ್‌ಎಸ್ ತೊಂದರೆ.

ದಾರಿಯ ನಡುವೆ ಎಲ್ಲಿ ಕಡಿದಿದೆ ಎಂದು ನೋಡಬೇಕಿದ್ದರೂ ಪಿಂಗ್ ಸಾಕು. ‘ಪಿಂಗ್ -ಸಿ 1 -ಟಿ 1 8.8.8.8’ ಎಂದು ಕೊಡಿ. ಒಂದೇ ಮೆಟ್ಟಿಲು ಹತ್ತಿ ನಿಲ್ಲು ಎಂದು ಅದರ ಅರ್ಥ. ಮೊದಲ ಮೆಟ್ಟಿಲಿನ ಯಂತ್ರ, ಅಂದರೆ ನಿಮ್ಮ ರೂಟರ್, ‘ಟೈಮ್ ಟು ಲಿವ್ ಎಕ್ಸೀಡೆಡ್’ ಎಂದು ತನ್ನ ವಿಳಾಸದಿಂದ ಉತ್ತರ ಕೊಡುತ್ತದೆ. ಟಿ ಪಕ್ಕದ 1 ಅನ್ನು 2 ಮಾಡಿ, 3 ಮಾಡಿ, ಮುಂದೆ ಹೋಗಿ. ಒಂದೆರಡು ಮೆಟ್ಟಿಲು ಮೌನವಾಗಿದ್ದರೆ ಚಿಂತೆ ಬೇಡ, ಕೆಲವು ಯಂತ್ರಗಳ ಸ್ವಭಾವವೇ ಹಾಗೆ. ಒಂದು ಹಂತದಿಂದ ಮುಂದೆ ಎಲ್ಲವೂ ಮೌನ ಆದರೆ ಅಲ್ಲಿಂದಾಚೆ ಅನುಮಾನಪಡಿ.

ನಾಲ್ಕನೇ ಹೆಜ್ಜೆ: ಡಿಗ್, ಮತ್ತು ಅದು ದಾರಿ ತಪ್ಪಿಸುವ ಬಗೆ

ನನ್ನ ಅರ್ಧ ಗಂಟೆ ತಿಂದದ್ದು ಇದು. ಡಿಎನ್‌ಎಸ್ ಪರೀಕ್ಷಿಸಲು ‘ಡಿಗ್’ ಕೊಟ್ಟೆ. ಥಟ್ಟನೆ ಸರಿಯಾದ ಉತ್ತರ ಬಂತು! ಬ್ರೌಸರ್‌ಗೆ ಹೆಸರು ಸಿಗುತ್ತಿಲ್ಲ, ಡಿಗ್‌ಗೆ ಸಿಗುತ್ತಿದೆ. ಎರಡೂ ಒಂದೇ ಫೋನಿನಲ್ಲಿ.

ಉತ್ತರದ ಕೊನೆಯ ಸಾಲುಗಳನ್ನು ಓದಿದಾಗ ಗೊತ್ತಾಯಿತು. ‘ಸರ್ವರ್’ ಎಂಬಲ್ಲಿ 8.8.8.8 ಎಂದಿತ್ತು. ಟರ್ಮಕ್ಸ್ ತನ್ನದೇ ಒಂದು ‘ರಿಸಾಲ್ವ್ ಡಾಟ್ ಕಾನ್ಫ್’ ಕಡತ ಇಟ್ಟುಕೊಂಡಿದೆ. ಅದರಲ್ಲಿ ಗೂಗಲ್‌ನ ವಿಳಾಸ ಬರೆದಿದೆ. ಡಿಗ್ ಅದನ್ನು ಓದಿ ನೇರವಾಗಿ ಗೂಗಲ್‌ನವರನ್ನು ಕೇಳುತ್ತದೆ. ಬ್ರೌಸರ್, ಪಿಂಗ್, ಟರ್ಮಿನಲ್‌ನಲ್ಲೇ ಪುಟ ತರುವ ಕರ್ಲ್ ಎಲ್ಲವೂ ಆಂಡ್ರಾಯ್ಡ್ ಮೂಲಕ, ರೂಟರ್ ಹೇಳಿದ ಸರ್ವರ್ ಅನ್ನು ಕೇಳುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡಿದ್ದರೆ ಅದನ್ನು ಕೇಳುತ್ತವೆ. ಇಬ್ಬರು ಬೇರೆ ಬೇರೆ ಅಂಗಡಿಗೆ ಹೋಗಿ ಬಂದು, ಸಾಮಾನು ಇದೆ, ಇಲ್ಲ ಎಂದು ಜಗಳ ಆಡಿದ ಹಾಗೆ.

ಹಾಗಾಗಿ ಡಿಗ್ ಬಳಸುವಾಗ ಯಾರನ್ನು ಕೇಳಬೇಕು ಎಂದು ನೀವೇ ಹೇಳಿ. ಜಾಲತಾಣದ ಹೆಸರಿನ ಮುಂಚೆ ‘ಅಟ್’ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ರೂಟರ್ ವಿಳಾಸ ಬರೆಯಿರಿ. ನಾನು ಹಾಗೆ ಕೇಳಿದಾಗ ಕೆಲ ಸೆಕೆಂಡು ಕಾದು ‘ಟೈಮ್ಡ್ ಔಟ್’ ಬಂತು. ಕಳ್ಳ ಸಿಕ್ಕಿದ. ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು, ಫೋನುಗಳಿಗೆ ಹಂಚುವ ಡಿಎನ್‌ಎಸ್ ಜಾಗದಲ್ಲಿ 8.8.8.8 ಬರೆದು, ವೈಫೈ ಆಫ್ ಮಾಡಿ ಆನ್ ಮಾಡಿದೆ. ಅಮ್ಮ ಆ ಸಂಜೆ ಅಕ್ಕನ ಜೊತೆ ವಿಡಿಯೊ ಕಾಲ್ ಮಾಡಿದರು.

ಐದನೇ ಹೆಜ್ಜೆ: ಎನ್‌ಮ್ಯಾಪ್

ಒಂದು ಯಂತ್ರದ ಯಾವ ಪೋರ್ಟ್, ಅಂದರೆ ಸಂಪರ್ಕದ ಯಾವ ಬಾಗಿಲು, ತೆರೆದಿದೆ ಎಂದು ನೋಡಲು ‘ಎನ್‌ಮ್ಯಾಪ್ -ಎಸ್‌ಟಿ -ಪಿಎನ್’ ಎಂದು ಬರೆದು ವಿಳಾಸ ಕೊಡಿ. ಇಲ್ಲಿ ಎಸ್‌ಟಿಯ ಟಿ ಮತ್ತು ಪಿಎನ್‌ನ ಪಿ ದೊಡ್ಡ ಅಕ್ಷರ. ಇದು ಬಾಗಿಲು ತಟ್ಟಿ ಪೂರ್ತಿ ಸಂಪರ್ಕ ಮಾಡಿ ನೋಡುವ ವಿಧಾನ, ಎಲ್ಲ ಆ್ಯಪ್‌ಗಳಿಗೂ ಅವಕಾಶ ಇದೆ. ‘ಎಸ್‌ಎಸ್’ ಮತ್ತು ‘ಓ’ ಆಯ್ಕೆಗಳಿಗೆ ರೂಟ್ ಅಧಿಕಾರ, ಅಂದರೆ ಪಂಪ್ ಕೋಣೆಯ ಬೀಗದ ಕೈ ಬೇಕು, ಬಿಟ್ಟುಬಿಡಿ. ನಿಮ್ಮ ಮನೆಯ ಯಂತ್ರಗಳ ಮೇಲೆ ಮಾತ್ರ ಇದನ್ನು ಬಳಸಿ, ಪಕ್ಕದವರದ್ದು ಬೇಡ.

ಆಗದ ಕೆಲಸಗಳು

1024ಕ್ಕಿಂತ ಕೆಳಗಿನ ಪೋರ್ಟ್‌ನಲ್ಲಿ ಸರ್ವರ್ ನಡೆಸಲು ಆಗದು. ಅದಕ್ಕೇ ಬೇರೆ ಯಂತ್ರದಿಂದ ಲಾಗಿನ್ ಆಗಲು ಬಳಸುವ ಟರ್ಮಕ್ಸ್‌ನ ಎಸ್‌ಎಸ್‌ಎಚ್ ಸರ್ವರ್ 22ರ ಬದಲು 8022ರಲ್ಲಿ ಕೂರುತ್ತದೆ. ನೆಟ್ ಓಡಾಟವನ್ನು ಹಿಡಿದು ತೋರಿಸುವ ‘ಟಿಸಿಪಿಡಂಪ್’ ಕೂಡ ನಡೆಯದು. ಅದರ ಬದಲು ಪಿಕ್ಯಾಪ್‌ಡ್ರಾಯ್ಡ್ ಎಂಬ ಆ್ಯಪ್ ಇದೆ. ಫೋನಿನೊಳಗೇ ಒಂದು ವಿಪಿಎನ್ ಮಾಡಿಕೊಂಡು ನಿಮ್ಮ ಫೋನಿನ ಓಡಾಟವನ್ನು ತೋರಿಸುತ್ತದೆ, ರೂಟ್ ಕೇಳುವುದಿಲ್ಲ. ಪ್ರೂಟ್ ಎಂಬ ಸಾಧನ ಹಾಕಿ, ಟರ್ಮಕ್ಸ್ ಒಳಗೇ ಉಬುಂಟು ಲಿನಕ್ಸ್ ಓಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇಲ್ಲ. ಅಲ್ಲಿ ಕಾಣುವ ರೂಟ್ ಬರೀ ಹೆಸರಿಗೆ. ಫೋನಿನ ಕರ್ನಲ್, ಅಂದರೆ ಎಲ್ಲವನ್ನೂ ನಿಯಂತ್ರಿಸುವ ತಿರುಳಿನ ಕಣ್ಣಿಗೆ ನೀವು ಆಗಲೂ ಅದೇ ಬಾಡಿಗೆದಾರ. ಇಷ್ಟಕ್ಕಾಗಿ ನಿಜವಾಗಿ ರೂಟ್ ಮಾಡಲು ಹೋಗಬೇಡಿ. ಹಲವು ಬ್ಯಾಂಕ್ ಆ್ಯಪ್‌ಗಳು ಅಂಥ ಫೋನಿನಲ್ಲಿ ತೆರೆಯುವುದೇ ಇಲ್ಲ.

ನೆಟ್ ಆಗಾಗ ಹೋಗಿ ಬರುತ್ತಿದ್ದರೆ ರಾತ್ರಿಯಿಡೀ ಪಿಂಗ್ ಓಡಿಸಿಡಬೇಕಾಗುತ್ತದೆ. ಮೊದಲು ‘ಟರ್ಮಕ್ಸ್-ವೇಕ್-ಲಾಕ್’ ಕೊಟ್ಟು ಫೋನು ನಿದ್ದೆ ಹೋಗದ ಹಾಗೆ ಮಾಡಿ. ಅಷ್ಟಾದರೂ ‘ಸಿಗ್ನಲ್ 9’ ಎಂದು ಬಂದು ಕೆಲಸ ನಿಂತರೆ, ಅದು ಆಂಡ್ರಾಯ್ಡ್ 12ರಿಂದ ಬಂದ ಕಟ್ಟುಪಾಡು ಇರಬಹುದು. ಆ್ಯಪ್‌ಗಳು ಹುಟ್ಟಿಸಿದ ಉಪಕೆಲಸಗಳು ಒಟ್ಟು 32 ದಾಟಿದರೆ ಫೋನು ಕೆಲವನ್ನು ನಿಲ್ಲಿಸಿಬಿಡುತ್ತದೆ. ಆಂಡ್ರಾಯ್ಡ್ 14ರಲ್ಲಿ ಡೆವಲಪರ್ ಆಯ್ಕೆಗಳೊಳಗೆ ಇದನ್ನು ತೆಗೆಯುವ ಗುಂಡಿ ಇದೆ. ಚಾರ್ಜರ್ ಹಾಕಿಡಿ, ಬೆಳಿಗ್ಗೆ ಎದ್ದ ಮೇಲೆ ‘ಟರ್ಮಕ್ಸ್-ವೇಕ್-ಅನ್‌ಲಾಕ್’ ಕೊಡಿ. ಮರೆತರೆ ಮಧ್ಯಾಹ್ನದೊಳಗೆ ಬ್ಯಾಟರಿ ಇಳಿದಿರುತ್ತದೆ.