ಲೆ ಮಾನ್ಸ್ ರೇಸ್‌ಗೆ ಕಾರಿನಲ್ಲಿ ಹೋಗುವವರು ಮೊದಲು ಸೋಮವಾರದ ಲೆಕ್ಕ ಹಾಕಿ

ಹುಬ್ಬಳ್ಳಿಯಲ್ಲಿ ನನ್ನದು ವೀಲ್ ಅಲೈನ್‌ಮೆಂಟ್ ಅಂಗಡಿ. ಅಲ್ಲಿಗೆ ಬರುವ ಹುಡುಗರು ಆಗಾಗ ಕೇಳುತ್ತಾರೆ, "ಅಣ್ಣಾ, ಫ್ರಾನ್ಸಿಗೆ ಹೋಗಿ 24 ತಾಸಿನ ಕಾರ್ ರೇಸ್ ನೋಡಿ ಬಂದ್ರಂತಲ್ಲ, ನಾವೂ ಹೋಗಬೇಕು. ಏನೇನ್ ತಯಾರಿ ಬೇಕು?" 2024ರ ಜೂನ್‌ನಲ್ಲಿ ನಾನು ಮತ್ತು ನನ್ನ ಅಕ್ಕನ ಮಗ ವಿನಾಯಕ ಹೋಗಿದ್ದೆವು. ಪ್ಯಾರಿಸ್‌ನಲ್ಲಿ ಇಳಿದು, ಬಾಡಿಗೆ ಕಾರು ತೆಗೆದುಕೊಂಡು, ಸುಮಾರು 200 ಕಿ.ಮೀ. ಓಡಿಸಿ ರೇಸ್ ನಡೆಯುವ ಲೆ ಮಾನ್ಸ್ ಊರು ಸೇರಿದೆವು. ಅಲ್ಲಿನವರ ಬಾಯಲ್ಲಿ ಆ ಊರು 'ಲ ಮಾಂ'. ದಾರಿ ಕೇಳುವಾಗ ಹಾಗೇ ಕೇಳಿ.

ನಾನು ಎಲ್ಲರಿಗೂ ಮೊದಲು ಹೇಳುವುದು ಟಿಕೆಟ್ ವಿಷಯ ಅಲ್ಲ, ವೀಸಾ ವಿಷಯವೂ ಅಲ್ಲ. ಭಾನುವಾರ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ರೇಸ್ ಶನಿವಾರ ಸಂಜೆ 4ಕ್ಕೆ ಶುರುವಾಗಿ ಭಾನುವಾರ ಸಂಜೆ 4ಕ್ಕೆ ಮುಗಿಯುತ್ತದೆ. ಅಷ್ಟು ದೂರ ಹೋದವರು ರಾತ್ರಿ ಮಲಗುವುದಿಲ್ಲ. ಆಮೇಲೆ ನಿದ್ದೆಗೆಟ್ಟ ಕಣ್ಣಿನಲ್ಲಿ, ಬಲಗಡೆ ಓಡಿಸುವ ದೇಶದಲ್ಲಿ, ಭಾನುವಾರ ಸಂಜೆಯೇ ಪ್ಯಾರಿಸ್ ಕಡೆ ಹೊರಟರೆ ಏನಾಗಬಹುದು? ನಮ್ಮ ಬೈಪಾಸ್ ಎರಡೇ ಲೇನ್ ಇದ್ದ ಕಾಲದಲ್ಲಿ ಎದುರುಬದುರು ಗುದ್ದಿದ ಗಾಡಿಗಳನ್ನು ನಾನು ಬಹಳ ನೋಡಿದ್ದೇನೆ. ಆದ್ದರಿಂದ ಭಾನುವಾರದ ರೂಮನ್ನು ಮೊದಲು ಬುಕ್ ಮಾಡಿ, ಪ್ಯಾರಿಸ್ ಕಡೆ ಸೋಮವಾರ ಹೊರಡಿ, ವಿಮಾನದ ಟಿಕೆಟ್ ಮಂಗಳವಾರಕ್ಕೆ ತೆಗೆಯಿರಿ. ಉಳಿದದ್ದೆಲ್ಲ ಇದಕ್ಕೆ ಹೊಂದಿಕೊಳ್ಳಲಿ.

ಇನ್ನು ಕಾಗದಪತ್ರ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಒದಲ್ಲೇ ಸಿಗುತ್ತದೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಆದರೆ ಒಂದು ಮಾತು ನೆನಪಿರಲಿ. ಇದು ಒಂದೇ ಇದ್ದರೆ ಉಪಯೋಗವಿಲ್ಲ, ಜೊತೆಗೆ ಅಸಲಿ ಲೈಸೆನ್ಸ್ ಇರಲೇಬೇಕು. ನಮ್ಮ ಕಡೆಯವರಿಗೆ ಹೆಸರಿನದೇ ದೊಡ್ಡ ತೊಂದರೆ. ನನ್ನ ಲೈಸೆನ್ಸಿನಲ್ಲಿ ಇನಿಶಿಯಲ್ ಇತ್ತು, ಪಾಸ್‌ಪೋರ್ಟಿನಲ್ಲಿ ಪೂರ್ತಿ ಅಡ್ಡಹೆಸರು. ಪರ್ಮಿಟ್‌ಗೆ ಅರ್ಜಿ ಹಾಕುವ ಮೊದಲೇ ಲೈಸೆನ್ಸ್ ತಿದ್ದಿಸಿಕೊಂಡೆ. ಕ್ರೆಡಿಟ್ ಕಾರ್ಡಿನ ಮೇಲೂ ಅದೇ ಹೆಸರು ಇರಲಿ. ಕಾರು ಕೊಡುವವರು ಡೆಪಾಸಿಟ್ ಹಿಡಿಯುವುದು ಓಡಿಸುವವನ ಕ್ರೆಡಿಟ್ ಕಾರ್ಡಿನಲ್ಲಿ. ಡೆಬಿಟ್ ಕಾರ್ಡ್ ನಂಬಿಕೊಂಡು ಹೋಗಬೇಡಿ.

ವೀಸಾಕ್ಕೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಶೆಂಗೆನ್ ವೀಸಾದ ಶುಲ್ಕ ಈಗ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ವಿಮೆ ಕಡ್ಡಾಯ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಮೇ ತಿಂಗಳವರೆಗೆ ಕಾಯಬೇಡಿ. ರೇಸ್ ಟಿಕೆಟ್ ಅದಕ್ಕೂ ಮೊದಲೇ ಬೇಕು. ಒಳಗೆ ಹೋಗುವ ಟಿಕೆಟ್ ಬೇರೆ, ಕಾರ್ ಪಾರ್ಕಿಂಗ್ ಬೇರೆ, ಟೆಂಟ್ ಹಾಕುವ ಜಾಗ ಬೇರೆ. ಮೂರನ್ನೂ ಒಟ್ಟಿಗೇ ತೆಗೆದುಕೊಳ್ಳಿ. ಪಾರ್ಕಿಂಗ್ ಸಿಗದಿದ್ದರೆ ಕಾರನ್ನು ಊರಲ್ಲೇ ಬಿಟ್ಟು ಟ್ರಾಮ್ ಹತ್ತಿ. ರೈಲ್ವೆ ನಿಲ್ದಾಣದಿಂದ ರೇಸ್ ನಡೆಯುವ ಸರ್ಕ್ಯೂಟ್ ಹತ್ತಿರದವರೆಗೂ ಟ್ರಾಮ್ ಇದೆ.

ಕಾರು ಆಟೋಮ್ಯಾಟಿಕ್ ಇರಲಿ. ಬಾಡಿಗೆ ಜಾಸ್ತಿ, ಆದರೂ ಅದೇ ಇರಲಿ. ಅಲ್ಲಿ ಸ್ಟೇರಿಂಗ್ ಎಡಗಡೆ. ಬಲಗೈಯಲ್ಲಿ ಗೇರ್ ಹಾಕುವುದನ್ನು ಕಲಿಯುತ್ತ ರಸ್ತೆ ನೋಡುವುದು ಮೊದಲ ದಿನ ಕಷ್ಟ. ನಾನು ಊರಲ್ಲೇ ಸ್ವಲ್ಪ ಅಭ್ಯಾಸ ಮಾಡಿದ್ದೆ. ಒಂದು ವಾರ ಬೆಳಿಗ್ಗೆ ವಿನಾಯಕ ಗಾಡಿ ಓಡಿಸಿದ. ನಾನು ಪಕ್ಕದ ಎಡ ಸೀಟಿನಲ್ಲಿ ಕುಳಿತು, ನನ್ನ ಬಲಕ್ಕೆ ಗಾಡಿಯ ಅಗಲ ಎಷ್ಟಿದೆ, ಬಲ ಟೈರು ಎಲ್ಲಿ ಹೋಗುತ್ತಿದೆ ಎಂದು ಅಂದಾಜು ಮಾಡುತ್ತಿದ್ದೆ. ಇದು ತುಂಬಾ ಉಪಯೋಗಕ್ಕೆ ಬಂತು. ಎಡ ಸೀಟಿನಲ್ಲಿ ಹೊಸದಾಗಿ ಕುಳಿತವನ ಕಾರು ತಾನಾಗಿ ಬಲಕ್ಕೆ ಸರಿಯುತ್ತದೆ, ಬಲ ಟೈರು ರಸ್ತೆ ಅಂಚಿನ ಕಲ್ಲಿಗೆ ಉಜ್ಜುತ್ತದೆ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಭಾಗ, ಒಮ್ಮೆ ಕಟ್ ಆದರೆ ಟೈರು ಮುಗಿಯಿತು. ಬಾಡಿಗೆ ಕಾರಿನ ವಿಮೆಯಲ್ಲಿ ಟೈರು, ಗಾಜು, ಗಾಡಿಯ ಕೆಳಭಾಗ ಸಾಮಾನ್ಯವಾಗಿ ಸೇರಿರುವುದಿಲ್ಲ. ಕಾರು ಕೈಗೆ ಬಂದ ಕೂಡಲೇ ನಾಲ್ಕೂ ಟೈರು, ನಾಲ್ಕೂ ರಿಮ್ಮಿನ ಫೋಟೋ ತೆಗೆದಿಟ್ಟುಕೊಳ್ಳಿ. ಹಾಗೇ ರೇಡಿಯಂ ಜಾಕೆಟ್, ತ್ರಿಕೋನದ ಬೋರ್ಡ್ ಇವೆಯಾ ನೋಡಿ. ಎರಡೂ ಅಲ್ಲಿ ಕಡ್ಡಾಯ, ಜಾಕೆಟ್ ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವ ಕಡೆ ಇರಬೇಕು.

ಇಷ್ಟೆಲ್ಲ ಮಾಡಿದರೂ ಎರಡನೇ ದಿನ ನಾನು ತಪ್ಪಿದೆ. ಬೆಳಿಗ್ಗೆ ಪೆಟ್ರೋಲ್ ಬಂಕ್‌ನಿಂದ ಹೊರಬಂದಾಗ ರಸ್ತೆ ಖಾಲಿ ಇತ್ತು. ಕೈ ತಾನಾಗಿ ಎಡಕ್ಕೆ ತಿರುಗಿಸಿತು. ಎದುರಿಗೆ ಟ್ರ್ಯಾಕ್ಟರ್. ವಿನಾಯಕ "ಮಾಮಾ, ಬಲಕ್ಕ, ಬಲಕ್ಕ!" ಎಂದು ಕೂಗಿದ್ದಕ್ಕೆ ಉಳಿದೆವು. ಗಾಡಿ ತುಂಬಿದ ರಸ್ತೆಯಲ್ಲಿ ಈ ತಪ್ಪು ಆಗುವುದಿಲ್ಲ, ಮುಂದಿನವನ ಹಿಂದೆ ಹೋಗುತ್ತೀರಿ. ಖಾಲಿ ರಸ್ತೆಗೆ ಇಳಿಯುವಾಗಲೇ ಅಪಾಯ. ಅಂದಿನಿಂದ ಒಂದು ನಿಯಮ ಹಿಡಿದೆವು. ಯಾವ ದೇಶವಾದರೂ ಸ್ಟೇರಿಂಗ್ ಹಿಡಿದವನ ಹೆಗಲು ರಸ್ತೆಯ ನಡುಗೆರೆ ಕಡೆ ಇರಬೇಕು. ನಮ್ಮಲ್ಲೂ ಹಾಗೇ ಅಲ್ವಾ? ಪ್ರತಿ ಸಲ ಹೊರಡುವಾಗ ಪಕ್ಕದಲ್ಲಿ ಕುಳಿತವನು ಇದನ್ನು ಗಟ್ಟಿಯಾಗಿ ಹೇಳಲಿ.

ಇನ್ನೊಂದು, ಬಲಗಡೆಯವರಿಗೆ ಮೊದಲ ಹಕ್ಕು. ಊರೊಳಗೆ ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆ ಸಣ್ಣ ಓಣಿಯಿಂದ ಬರುವವನಿಗೂ ನೀವೇ ದಾರಿ ಬಿಡಬೇಕು. ಅವನು ನಿಲ್ಲುವುದಿಲ್ಲ. ಸರ್ಕಲ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಒಳಗೆ ಸುತ್ತುತ್ತಿರುವವರಿಗೆ ಹಕ್ಕು, ಅವರು ಎಡದಿಂದ ಬರುತ್ತಾರೆ.

ದೊಡ್ಡ ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110. ಎದುರುಬದುರು ಓಡುವ ರಸ್ತೆಯಲ್ಲಿ ಸಾಮಾನ್ಯವಾಗಿ 80, ಊರೊಳಗೆ 50. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಿಸುವುದಕ್ಕೂ ದಂಡ ಇದೆ. ಟೋಲ್‌ಗೆ ನಮ್ಮ ಫಾಸ್ಟ್ಯಾಗ್ ಕೆಲಸ ಮಾಡುವುದಿಲ್ಲ. ಹತ್ತುವಾಗ ಚೀಟಿ, ಇಳಿಯುವಾಗ ದುಡ್ಡು. ಹಸಿರು ಬಾಣದ ಲೇನ್‌ಗೆ ಹೋಗಿ. ಕೇಸರಿ ಬಣ್ಣದ ಚಿಕ್ಕ 'ಟಿ' ಒಂದೇ ಇರುವ ಲೇನ್ ಟ್ಯಾಗ್ ಇದ್ದವರಿಗೆ. ಬಂಕ್‌ನಲ್ಲಿ 'ಗಾಜೊಲ್' ಎಂದರೆ ಡೀಸೆಲ್, 'ಎಸಾನ್ಸ್' ಎಂದರೆ ಪೆಟ್ರೋಲ್. ನಾಝಲ್ ಮೇಲೆ ಚೌಕದೊಳಗೆ ಬಿ7 ಇದ್ದರೆ ಡೀಸೆಲ್, ವೃತ್ತದೊಳಗೆ ಇ10 ಇದ್ದರೆ ಪೆಟ್ರೋಲ್. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಜಾಕೆಟ್ ಹಾಕಿಕೊಂಡು ರಸ್ತೆ ಅಂಚಿನ ಕಂಬಿಯ ಆಚೆ ನಿಂತು, ಕೇಸರಿ ಬಣ್ಣದ ಎಸ್‌ಒಎಸ್ ಫೋನಿನಿಂದ ಕರೆ ಮಾಡಿ. ತುರ್ತು ನಂಬರ್ 112.

ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇರಲಿ. ಎರಡು ದಿನ ಟೆಂಟಿನಲ್ಲಿ ಅದೇ ನಮ್ಮನ್ನು ಕಾಪಾಡಿತು. ಆದರೆ ಧಾರವಾಡ ಪೇಡೆ ಒಯ್ಯುವ ಹಾಗಿಲ್ಲ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿನಲ್ಲಿ ನಿಷೇಧಿಸಿದ್ದಾರೆ. ಅಕ್ಕ ಪ್ರೀತಿಯಿಂದ ಕಟ್ಟಿಕೊಟ್ಟ ಡಬ್ಬಿಯನ್ನು ನಾವು ಮನೆಯಲ್ಲೇ ಬಿಟ್ಟು ಹೋದೆವು. ತುಪ್ಪದ್ದೂ ಇದೇ ಕಥೆ.

ಜೂನ್ ಎಂದು ತೆಳು ಬಟ್ಟೆ ಒಯ್ಯಬೇಡಿ. ನಾವು ನೋಡಿದ ವರ್ಷ ರಾತ್ರಿ ಮಳೆ ಸುರಿದು, ನಾಲ್ಕು ತಾಸಿಗೂ ಹೆಚ್ಚು ಹೊತ್ತು ಕಾರುಗಳು ಸೇಫ್ಟಿ ಕಾರಿನ, ಅಂದರೆ ಅಪಾಯ ಇದ್ದಾಗ ಎಲ್ಲರನ್ನೂ ನಿಧಾನ ಮಾಡಿಸಲು ಮುಂದೆ ಓಡುವ ಕಾರಿನ, ಹಿಂದೆಯೇ ಸುತ್ತಿದವು. ಸ್ವೆಟರ್, ಮೊಣಕಾಲು ದಾಟುವ ರೇನ್‌ಕೋಟ್, ಒಳ್ಳೆಯ ಶೂ, ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು. ಒಂದು ಸಣ್ಣ ಎಫ್‌ಎಂ ರೇಡಿಯೋ ಒಯ್ಯಿರಿ. 91.2ರಲ್ಲಿ ಇಂಗ್ಲಿಷ್ ಕಾಮೆಂಟರಿ ಬರುತ್ತದೆ. ಒಂದು ಸುತ್ತು 13.626 ಕಿ.ಮೀ., ಅಂದರೆ ಹುಬ್ಬಳ್ಳಿ-ಧಾರವಾಡದ ನಡುವಿನ ದೂರದ ಮೂರರಲ್ಲಿ ಎರಡು ಪಾಲು. ನಿಂತಲ್ಲಿಂದ ಒಂದೇ ತಿರುವು ಕಾಣುತ್ತದೆ. ರೇಡಿಯೋ ಇಲ್ಲದಿದ್ದರೆ ಯಾರು ಮುಂದೆ, ಯಾರು ಹಿಂದೆ ಗೊತ್ತಾಗುವುದಿಲ್ಲ. ಅದರಲ್ಲೇ ಕೊನೆಗೆ 50ನೇ ನಂಬರಿನ ಫೆರಾರಿ ಗೆದ್ದದ್ದನ್ನು ಕೇಳಿದೆವು. 2012ರಲ್ಲಿ ನಮ್ಮ ದೇಶದ ರೇಸ್ ಡ್ರೈವರ್ ಕರುಣ್ ಚಂದೋಕ್ ಇದೇ ದಾರಿಯಲ್ಲಿ ಓಡಿಸಿ ತಂಡದ ಜೊತೆ ಆರನೇ ಸ್ಥಾನಕ್ಕೆ ಬಂದದ್ದನ್ನು ನಾನು ವಿನಾಯಕನಿಗೆ ಆ ರಾತ್ರಿ ಮಳೆಯಲ್ಲಿ ನಿಂತು ಹೇಳಿದೆ.

ಭಾನುವಾರ ಸಂಜೆ ರೂಮಿಗೆ ಹೋಗಿ ಹತ್ತು ತಾಸು ಮಲಗಿದೆವು. ಸೋಮವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆವು. ಪ್ಯಾರಿಸ್ ಕಡೆ ತಿರುಗುವ ಮೊದಲು ಟೂರ್ಸ್ ಎಂಬ ಊರಿಗೆ ಹೋಗುವ ರಸ್ತೆಗೆ ಹೋದೆವು. ಮುಲ್ಸಾನ್ ಸ್ಟ್ರೇಟ್ ಎಂದು ನಾವು ಟಿವಿಯಲ್ಲಿ ನೋಡುವ ರೇಸಿನ ಉದ್ದನೆಯ ನೇರ ದಾರಿ ಅದೇ, ರೇಸ್ ಇಲ್ಲದ ದಿನ ಊರಿನವರು ಓಡಾಡುವ ಸಾಮಾನ್ಯ ರಸ್ತೆ. 1988ರಲ್ಲಿ ಒಂದು ಕಾರು ಅಲ್ಲಿ ಗಂಟೆಗೆ 405 ಕಿ.ಮೀ. ಮುಟ್ಟಿತ್ತು. ನಾವು ಒಂದು ಲಾರಿಯ ಹಿಂದೆ, ಬೋರ್ಡಿನಲ್ಲಿ ಬರೆದ ಮಿತಿಯೊಳಗೆ, ನಿಧಾನವಾಗಿ ಹೋದೆವು. ಅಂಚಿನಲ್ಲಿ ರಬ್ಬರಿನ ಚೂರುಗಳು ಇನ್ನೂ ಬಿದ್ದಿದ್ದವು.